12 ಮಷೀನು, 14 ಜನ: ಸಣ್ಣ ಯೂನಿಟ್‌ಗೆ ತಂಡ ಕಟ್ಟುವುದು ಹೇಗೆ?

ಬಳ್ಳಾರಿಯ ಕೌಲ್‌ಬಜಾರಿನ ಓಣಿಗಳಲ್ಲಿ ಮಧ್ಯಾಹ್ನ ಒಂದು ಸುತ್ತು ಹಾಕಿ. ಮನೆ ಮುಂದಿನ ಕಟ್ಟೆಯ ಮೇಲೆ ನೀಲಿ ಪ್ಯಾಂಟಿನ ರಾಶಿ, ಪಕ್ಕದಲ್ಲಿ ಪುಟ್ಟ ಕತ್ತರಿ ಹಿಡಿದು ದಾರ ಕಟ್ ಮಾಡುತ್ತ ಕೂತ ಹೆಂಗಸರು, ಒಳಗಡೆ ಎರಡು ಮಷೀನಿನ ಗರಗರ ಸದ್ದು. ಎರಡು ಮಷೀನಿಗೆ ಮನೆ ಮಂದಿಯೇ ಸಾಕು. ಆರಾದರೆ ಹೊರಗಿನವರನ್ನು ಕರೆಯಬೇಕು. ಹನ್ನೆರಡಾದರೆ ಮಾಲೀಕನ ನಿದ್ದೆ ಹಾರಿತು ಅಂತಲೇ ಅರ್ಥ. ಬಟ್ಟೆ ಸಿಗುತ್ತದೆ, ಆರ್ಡರ್ ಸಿಗುತ್ತದೆ, ಸಾಲವೂ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಮಾತ್ರ ಖಾತ್ರಿ ಇಲ್ಲ.

ನಾನೂ ಇಂಥದ್ದೊಂದು ಜೀನ್ಸ್ ಹೊಲಿಯುವ ಯೂನಿಟ್ ನಡೆಸುವವನು. ಮಾಲೀಕರು ಸೇರಿದಲ್ಲೆಲ್ಲ ಒಂದೇ ದೂರು: 'ಜನ ನಿಲ್ಲಲ್ಲ ಮಾರಾಯ.' ನಾನೂ ಹಾಗೇ ಅಂದುಕೊಂಡಿದ್ದೆ. ಬಿಟ್ಟು ಹೋದವರನ್ನು ಒಬ್ಬೊಬ್ಬರನ್ನೇ ಚಹಾದಂಗಡಿಯಲ್ಲಿ ಕೂರಿಸಿ ಕೇಳಿದ ಮೇಲೆ ಗೊತ್ತಾಯಿತು, ಬಹಳಷ್ಟು ಮಂದಿ ಹೋದದ್ದು ಕೆಲಸ ಜಾಸ್ತಿ ಅಂತ ಅಲ್ಲ. ಅವರ ಲೆಕ್ಕ ನನ್ನ ಜೇಬಿನ ಚೀಟಿಯಲ್ಲಿತ್ತು, ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಅದಕ್ಕೆ. ಮುಂದೆ ಹೇಳುವುದೆಲ್ಲ ಆ ಚೀಟಿಯನ್ನು ಜೇಬಿನಿಂದ ತೆಗೆದು ಗೋಡೆಗೆ ಅಂಟಿಸುವ ಬಗೆ. ಉದಾಹರಣೆಗಳು ಜೀನ್ಸಿನವು. ಗ್ಯಾರೇಜು, ಖಾನಾವಳಿ, ಸಿರುಗುಪ್ಪದ ಅಕ್ಕಿ ಗಿರಣಿ ನಡೆಸುವವರು ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಲಿ.

1. ಜನ ಹುಡುಕುವ ಮೊದಲು ರಾಶಿ ಎಣಿಸಿ

ಆರ್ಡರ್ ದೊಡ್ಡದು ಬಂತೆಂದರೆ 'ಇನ್ನಿಬ್ಬರು ಟೈಲರ್ ಬೇಕು' ಎಂದು ಫೋನ್ ತಿರುಗಿಸುವುದು ನಮ್ಮ ಅಭ್ಯಾಸ. ಅದಕ್ಕೂ ಮುಂಚೆ ಒಂದು ವಾರ ಸೀಮೆಸುಣ್ಣ ಹಿಡಿಯಿರಿ. ಬೆಳಿಗ್ಗೆ 11ಕ್ಕೆ ಒಮ್ಮೆ, ಸಂಜೆ 4ಕ್ಕೆ ಒಮ್ಮೆ ಪ್ರತಿ ಮಷೀನಿನ ಪಕ್ಕ ಕೆಲಸಕ್ಕೆ ಕಾಯುತ್ತಿರುವ ಪೀಸ್ ಎಷ್ಟಿವೆ ಎಂದು ನೆಲದ ಮೇಲೇ ಬರೆಯಿರಿ.

ನಮ್ಮಲ್ಲಿ ಹಿಂದಿನ ಜೇಬು ಕೂರಿಸುವ ಮಷೀನಿನ ಹತ್ತಿರವೇ ರಾಶಿ ಬೀಳುತ್ತಿತ್ತು. ಅಲ್ಲಿ ಗಂಟೆಗೆ 18 ಪ್ಯಾಂಟ್, ಉಳಿದ ಕಡೆಗಳಲ್ಲಿ 25. ಅಂದರೆ ಇಡೀ ಯೂನಿಟ್ಟು ಎಷ್ಟೇ ಓಡಿದರೂ ಎಂಟು ಗಂಟೆಗೆ 144 ಪ್ಯಾಂಟಿಗಿಂತ ಹೆಚ್ಚು ಹೊರಗೆ ಬರುವುದಿಲ್ಲ. ನಾನೋ ಆ ಮೊದಲು ಓವರ್‌ಲಾಕ್‌ಗೆ, ಅಂದರೆ ಬಟ್ಟೆಯಂಚು ಬಿಚ್ಚದಂತೆ ಹೊಲಿಯುವ ಮಷೀನಿಗೆ, ಒಬ್ಬರನ್ನು ಸೇರಿಸಿದ್ದೆ! ರಾಶಿ ಇನ್ನಷ್ಟು ಎತ್ತರವಾಯಿತು, ಅಷ್ಟೇ. ಕೊನೆಗೆ ಆಗಿದ್ದೇನೆಂದರೆ, ಬೆಲ್ಟ್ ತೂರಿಸುವ ಲೂಪ್ ಹಾಕುವ ಹುಡುಗನಿಗೆ ಹತ್ತು ದಿನ ಜೇಬು ಹೊಲಿಯುವುದನ್ನು ಕಲಿಸಿದೆವು. ಮಧ್ಯಾಹ್ನದ ಮೇಲೆ ಅವನು ಅಲ್ಲಿ ಕೂರತೊಡಗಿದ. ಹೊಸಬರನ್ನು ಸೇರಿಸಲೇ ಇಲ್ಲ.

ಪ್ರತಿಯೊಬ್ಬರಿಗೂ ತಮ್ಮ ಕೆಲಸದ ಜೊತೆಗೆ ಪಕ್ಕದ ಮಷೀನಿನ ಕೆಲಸವೂ ಬರಬೇಕು. ಒಬ್ಬರು ಮದುವೆಗೆ ಊರಿಗೆ ಹೋದರೆ ಲೈನ್ ನಿಲ್ಲಬಾರದು. ಯಾರಿಗೆ ಏನೇನು ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಹೆಸರಿನ ಮುಂದೆ ಗುರುತು ಹಾಕಿ ಇಟ್ಟುಕೊಳ್ಳಿ. ಒಂದೇ ಒಂದು ಗುರುತು ಇರುವ ಕೆಲಸ ಯಾವುದೋ ಅದೇ ನಿಮ್ಮ ಮುಂದಿನ ಗಂಡಾಂತರ.

2. ಅರ್ಧ ದಿನ ಕೂರಿಸಿ, ಆ ಅರ್ಧ ದಿನದ ಕೂಲಿ ಕೊಡಿ

ಹೊಸಬರು ಬಂದಾಗ 'ಎಷ್ಟು ವರ್ಷದ ಅನುಭವ?' ಎಂಬ ಪ್ರಶ್ನೆಗೆ ಎಲ್ಲರೂ ಹತ್ತು ಎನ್ನುತ್ತಾರೆ. ಕೇಳಿ ಉಪಯೋಗವಿಲ್ಲ. ನಿಜವಾದ ಬಂಡಲ್ ಕೊಟ್ಟು ಊಟದ ಹೊತ್ತಿನವರೆಗೆ ಹೊಲಿಯಲು ಬಿಡಿ. ವೇಗ ನೋಡುವುದು ಆಮೇಲಿನ ಮಾತು. ಸೂಜಿ ಮುರಿದಾಗ ಚೂರು ಹುಡುಕಿ ತೆಗೆದನೇ, ಹಾಗೇ ಮುಂದುವರಿದನೇ? ಬಂಡಲಿನ ಚೀಟಿ ಓದಿದನೇ? ಅರ್ಥವಾಗದ್ದನ್ನು ಪಕ್ಕದವರನ್ನು ಕೇಳಿದನೇ? ನಾನು ನೋಡುವುದು ಇವಿಷ್ಟನ್ನೇ. ಕೆಲಸಕ್ಕೆ ಇಟ್ಟುಕೊಳ್ಳಲಿ ಬಿಡಲಿ, ಅರ್ಧ ದಿನದ ದುಡ್ಡನ್ನು ಅಲ್ಲೇ ಎಣಿಸಿ ಕೊಡಿ. ಬಿಟ್ಟಿ ಹೊಲಿಸಿಕೊಂಡು ಕಳಿಸುವ ಯೂನಿಟ್ಟಿನ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಮುಟ್ಟಿರುತ್ತದೆ.

ಇನ್ನೊಂದು ಮಾತು. ಬೇಸಿಗೆ ರಜೆಯಲ್ಲಿ 'ನಮ್ಮ ಹುಡುಗನ್ನೂ ಕೂಡಿಸ್ಕೊಳ್ರಿ' ಎಂದು ತಾಯಂದಿರೇ ಕರೆತರುತ್ತಾರೆ. 14 ತುಂಬದ ಮಕ್ಕಳನ್ನು ದಾರ ಕಟ್ ಮಾಡುವುದಕ್ಕೂ ಕೂರಿಸಬೇಡಿ. ಕಾನೂನು ಬಿಡುವುದಿಲ್ಲ, ನಿಮ್ಮ ಮನಸ್ಸೂ ಬಿಡಬಾರದು.

3. ಮುಂಗಡ: ಎಲ್ಲ ಜಗಳದ ಬೇರು

ನಮ್ಮ ಕಸುಬಿನಲ್ಲಿ ಟೈಲರ್ ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ ಹೋಗುವುದು ಹೀಗೆ: ಹೊಸ ಮಾಲೀಕ ಹಳೆಯ ಮುಂಗಡ ತೀರಿಸುತ್ತಾನೆ, ಮೇಲೊಂದಿಷ್ಟು ಕೊಡುತ್ತಾನೆ. ಟೈಲರ್ ಜೊತೆ ಅವನ ಸಾಲವೂ ಮಷೀನಿನಿಂದ ಮಷೀನಿಗೆ ಹೋಗುತ್ತಿರುತ್ತದೆ. ದೊಡ್ಡ ಮುಂಗಡ ಕೊಟ್ಟರೆ ಮನುಷ್ಯ ಕಟ್ಟುಬೀಳುತ್ತಾನೆ ಎಂದು ಮಾಲೀಕ ಭಾವಿಸುತ್ತಾನೆ. ಆಗುವುದು ತಿರುಗುಮುರುಗು. ವಾರವಾರ ಅರ್ಧ ಪಗಾರ ಹಿಡಿದರೆ ಮನೆ ನಡೆಯುವುದಿಲ್ಲ, ಒಂದು ದಿನ ಫೋನ್ ಸ್ವಿಚ್ ಆಫ್. ಅದಕ್ಕಿಂತ ದೊಡ್ಡ ವಿಷಯ, ಸಾಲ ತೀರುವವರೆಗೆ ಬಿಡುವಂತಿಲ್ಲ ಎಂದು ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಜೀತ ಎಂಬುದು ಹೊಲಗದ್ದೆಯಲ್ಲಿ ಮಾತ್ರ ಎಂದುಕೊಂಡವರು ಬಹಳ ಜನ ಇದ್ದಾರೆ.

ನಾವು ಇಟ್ಟುಕೊಂಡ ಪದ್ಧತಿ ಸರಳ. ಸೇರುವಾಗ ಮುಂಗಡ ಇಲ್ಲ. ಆರು ತಿಂಗಳಾದ ಮೇಲೆ, ಒಂದು ತಿಂಗಳ ಗಳಿಕೆಯಷ್ಟು, ಅದಕ್ಕಿಂತ ಹೆಚ್ಚಿಲ್ಲ. ವಾರಕ್ಕೆ ಹಿಡಿಯುವುದು ನೂರಕ್ಕೆ ಹತ್ತು. ಎಲ್ಲ ಕಡಿತ ಸೇರಿ ಪಗಾರದ ಅರ್ಧ ಮೀರಬಾರದು ಎಂದು ಕಾನೂನಿದೆ, ಆದರೆ ಆ ಅರ್ಧದವರೆಗೆ ಹೋಗುವುದೂ ಬೇಡ. ಪ್ರತಿಯೊಬ್ಬರ ಬಳಿ ಒಂದು ಪಾಸ್‌ಬುಕ್ಕಿನಂಥ ಪುಟ್ಟ ಪುಸ್ತಕ ಇರುತ್ತದೆ. ನನ್ನ ಪುಸ್ತಕದಲ್ಲಿ ಏನಿದೆಯೋ ಅದರಲ್ಲೂ ಅದೇ ಇರಬೇಕು. ಶನಿವಾರ ಬಟವಾಡೆ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಸಹಿ ಮಾಡುತ್ತೇವೆ. ಓದಲು ಬಾರದವರು ಮೊದಮೊದಲು ಮಕ್ಕಳನ್ನು ಕರೆತಂದು ಓದಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನನಗೆ ಬೇಸರವಾಗಿತ್ತು, ನಿಜ ಹೇಳುತ್ತೇನೆ. ಈಗ ಅದೇ ಸರಿ ಎನಿಸುತ್ತದೆ.

4. ರೇಟು ಗೋಡೆಯ ಮೇಲಿರಲಿ

ಒಂದು ಬೋರ್ಡ್ ತೂಗುಹಾಕಿ. ಯಾವ ಕೆಲಸಕ್ಕೆ ಪೀಸಿಗೆ ಎಷ್ಟು, ಎಲ್ಲರಿಗೂ ಕಾಣುವಂತೆ. ಒಬ್ಬರಿಗೆ ಕಿವಿಯಲ್ಲಿ ಎಂಟಾಣೆ ಜಾಸ್ತಿ ಹೇಳಿದ್ದು ಮುಚ್ಚಿಡಲು ಆಗುವುದಿಲ್ಲ. ಪೀಸ್ ರೇಟಿನಲ್ಲಿ ದುಡಿದರೂ ದಿನದ ಗಳಿಕೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು. ರಾಜ್ಯದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಅದರ ತುಟ್ಟಿಭತ್ಯೆ ಬದಲಾಗುತ್ತದೆ. ಕಾರ್ಮಿಕ ಇಲಾಖೆಯಿಂದ ಹೊಸ ಪಟ್ಟಿ ತಂದು ಅದನ್ನೂ ಅಲ್ಲೇ ಅಂಟಿಸಿ.

ರೇಟಿಗಿಂತ ಹೆಚ್ಚು ಜಗಳ ಹುಟ್ಟುವುದು ಬೋರ್ಡಿನ ಮೇಲೆ ಇಲ್ಲದ ಸಂಗತಿಗಳಿಂದ. ಕರೆಂಟು ಹೋದರೆ ಯಾರ ನಷ್ಟ? ನಮ್ಮಲ್ಲಿ ಮೊದಲ ಅರ್ಧ ಗಂಟೆ ಅವರದು, ಆಮೇಲೆ ನನ್ನದು. ಗಂಟೆ ಲೆಕ್ಕದಲ್ಲಿ ಕೂಲಿ ಕೊಡುತ್ತೇನೆ, ಅವರು ದಾರ ಕಟ್ ಮಾಡುತ್ತಾರೆ. ಬಿಚ್ಚಿ ಹೊಲಿಯಬೇಕಾದರೆ? ತಮ್ಮ ಕೈಯ ತಪ್ಪಾದರೆ ದುಡ್ಡಿಲ್ಲ, ಕಟಿಂಗ್ ತಪ್ಪಾದರೆ ಅರ್ಧ ರೇಟು. ರಜೆ? ಯುಗಾದಿ, ರಂಜಾನ್, ಮೊಹರಂ, ಊರಿನ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆ, ಎಲ್ಲವನ್ನೂ ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಸರಾ-ದೀಪಾವಳಿಯ ಆರ್ಡರ್ ಯಾವಾಗ ಬೀಳುತ್ತದೆ ಎಂಬುದನ್ನೂ ಅದರಲ್ಲೇ ಬರೆದಿಡಿ. ಸಿಡಿಬಂಡಿಯ ದಿನ 'ಕೆಲಸಕ್ಕೆ ಬನ್ನಿ' ಎಂದು ಬಳ್ಳಾರಿಯಲ್ಲಿ ಕರೆಯುವ ಮಾಲೀಕ ತನ್ನ ಮರ್ಯಾದೆ ತಾನೇ ಕಳೆದುಕೊಳ್ಳುತ್ತಾನೆ. ಏಪ್ರಿಲ್-ಮೇ ತಿಂಗಳ ಹೊತ್ತು ಬದಲಿಸುವುದನ್ನು ಅವರಿಗೇ ಬಿಟ್ಟೆ. ತಗಡಿನ ಕೆಳಗೆ ಮಧ್ಯಾಹ್ನ ಎರಡಕ್ಕೆ ಕೂರುವವರು ಅವರು, ನಾನಲ್ಲ. ಬೆಳಿಗ್ಗೆ ಏಳಕ್ಕೇ ಬರುತ್ತೇವೆ ಎಂದರು, ಬಂದರು.

'ನಾವೆಲ್ಲ ಒಂದೇ ಮನೆಯವರಿದ್ದಂಗೆ' ಎಂಬ ಮಾತಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಾಲೀಕನ ಬಾಯಿಂದ ಅದು ಬರುವುದು ಸಾಮಾನ್ಯವಾಗಿ ಯಾರಾದರೂ ರೇಟು ಹೆಚ್ಚಿಸಿ ಎಂದಾಗ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಜನಕ್ಕೆ ಊಟ ಬಡಿಸುವವರನ್ನು ತೋರಿಸಿ 'ನೋಡ್ರಿ, ಹೆಂಗ ಮಾಡ್ತಾರ' ಎಂದು ಟೈಲರ್‌ಗಳಿಗೆ ಬುದ್ಧಿ ಹೇಳಿದ ಒಬ್ಬರನ್ನು ಕಂಡಿದ್ದೇನೆ. ಅಲ್ಲಿಗೆ ಹೋಗುವವರು ಮಠದ ಅಜ್ಜನ ಸೇವೆಗೆ ಹೋಗುತ್ತಾರೆ. ನಿಮ್ಮಲ್ಲಿಗೆ ಬರುವವರು ಪಗಾರಕ್ಕೆ ಬರುತ್ತಾರೆ.

5. ತಪ್ಪು ಹೇಳಿದವರ ಮೇಲೆ ಹರಿಹಾಯಬೇಡಿ

ಇದನ್ನು ಕಲಿಯಲು ನಾನು 86 ಪ್ಯಾಂಟಿನ ಬೆಲೆ ತೆತ್ತಿದ್ದೇನೆ.

ಡೆನಿಮ್ ಬಟ್ಟೆ ಒಂದು ಥಾನಿನಿಂದ ಇನ್ನೊಂದಕ್ಕೆ ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ. ಇನ್ನೂ ವಾಷಿಂಗ್ ಆಗದ ಬಟ್ಟೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕಟಿಂಗ್ ಆದ ಕೂಡಲೆ ಪ್ರತಿ ತುಂಡಿಗೂ ನಂಬರಿನ ಸ್ಟಿಕ್ಕರ್ ಅಂಟಿಸುತ್ತಾರೆ: 37ನೇ ಮುಂಭಾಗ 37ನೇ ಹಿಂಭಾಗಕ್ಕೇ ಕೂಡಬೇಕು. ಅವತ್ತು ಸ್ಟಿಕ್ಕರ್ ಅಂಟು ಸರಿಯಿರಲಿಲ್ಲ. ಫ್ಯಾನಿನ ಗಾಳಿಗೆ ಒಂದು ಬಂಡಲಿನವು ಉದುರಿದ್ದವು. ನಂಬರ್ ಹಾಕುವ ಹುಡುಗಿ ಅಂದಾಜಿನ ಮೇಲೆ ಮತ್ತೆ ಅಂಟಿಸಿದಳು. ಹೊಲಿಗೆ ಮುಗಿದು ಮಾಲು ವಾಷಿಂಗ್‌ಗೆ ಹೋಗಿ ಬಂತು. ಗಂಟು ಬಿಚ್ಚಿದರೆ ಒಂದು ಕಾಲು ಕಡುನೀಲಿ, ಇನ್ನೊಂದು ಮಾಸಿದ ನೀಲಿ. ಒಂದಾದ ಮೇಲೊಂದು, 86.

'ಯಾಕಮ್ಮ ಹೇಳಲಿಲ್ಲ?' ಎಂದೆ. 'ಹಿಂದಿನ ವಾರ ಜಿಪ್ ತಪ್ಪಾದಾಗ ಮಾಸ್ತರಿಗೆ ಎಲ್ಲರ ಮುಂದ ಬೈದ್ರಲ್ಲಣ್ಣ. ನನ್ನ ಪಗಾರದಾಗ ಹಿಡೀತೀರಿ ಅಂತ ಸುಮ್ಮನಾದೆ' ಅಂದಳು.

ಸ್ಟಿಕ್ಕರ್ ಉದುರಿದಾಗಲೇ ಹೇಳಿದ್ದರೆ ಒಂದು ಗಂಟೆಯ ಕೆಲಸ. ಆವತ್ತಿನಿಂದ ಎರಡು ಕಟ್ಟಳೆ. ಒಂದು, ಹೊಲಿಗೆಗೆ ಮುಂಚೆ ತಪ್ಪು ತೋರಿಸಿದರೆ, ಅದು ತನ್ನದೇ ತಪ್ಪಾಗಿದ್ದರೂ, ಕಡಿತ ಇಲ್ಲ. ಎರಡು, ಬೆಳಿಗ್ಗೆ ಮಷೀನ್ ಹಚ್ಚುವ ಮೊದಲು ಐದು ನಿಮಿಷ ಎಲ್ಲರೂ ಕಟಿಂಗ್ ಟೇಬಲ್ ಸುತ್ತ ನಿಲ್ಲುತ್ತೇವೆ. ಅಲ್ಲಿ ಮೊದಲು ನಾನು ನಿನ್ನೆ ನನ್ನಿಂದ ಏನು ತಪ್ಪಾಯಿತು ಎಂದು ಹೇಳುತ್ತೇನೆ: ಗುಂಡಿ ತರಲು ಮರೆತೆ, ಅಳತೆ ಚೀಟಿ ತಡವಾಗಿ ಕೊಟ್ಟೆ, ಹೀಗೆ. ಮೊದಲ ಎರಡು ವಾರ ನಾನೊಬ್ಬನೇ ಮಾತಾಡಿದೆ. ಮೂರನೇ ವಾರ ಬಾರ್ಟ್ಯಾಕ್, ಅಂದರೆ ಜೇಬಿನ ಮೂಲೆಗೆ ಬಿಗಿ ಹೊಲಿಗೆ, ಹಾಕುವ ಭಾಯಿ ಬಾಯಿಬಿಟ್ಟ.

ಯೂನಿಟ್ಟಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಬರಹದ ಬದಲು ಬಂಡಲಿಗೆ ಬಣ್ಣದ ದಾರ ಕಟ್ಟಿ: ಕೆಂಪು ಅಂದರೆ ನಿಲ್ಲಿಸಿ, ಕೇಳಿ.

6. ಲೈನ್ ನೋಡಿಕೊಳ್ಳುವವರು ಯಾರು?

ಎಲ್ಲರಿಗಿಂತ ಜೋರಾಗಿ ಹೊಲಿಯುವವನನ್ನು ಸೂಪರ್‌ವೈಸರ್ ಮಾಡಿದಿರೋ, ಒಳ್ಳೆಯ ಟೈಲರ್ ಹೋದ, ಕೆಟ್ಟ ಸೂಪರ್‌ವೈಸರ್ ಬಂದ. ದಾರ ಪದೇ ಪದೇ ತುಂಡಾದಾಗ ಜನ ಯಾರ ಹತ್ತಿರ ಎದ್ದು ಹೋಗುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿ. ಉತ್ತರ ಅಲ್ಲೇ ಇದೆ. ನಮ್ಮಲ್ಲಿ ಅವರು ಕಾಜ-ಗುಂಡಿ ನೋಡಿಕೊಳ್ಳುವ ಅಕ್ಕ. ಆದರೆ ಪೀಸ್ ರೇಟಿನವರು ಎದ್ದು ಓಡಾಡಿದರೆ ಗಳಿಕೆ ಕಡಿಮೆ. ಅವರ ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು, ಅದರ ಮೇಲೆ ಒಂದಿಷ್ಟು ಸೇರಿಸಿ ತಿಂಗಳ ಸಂಬಳ ಗೊತ್ತುಮಾಡಿ. ಗೌರವ ಮಾತ್ರ ಕೊಟ್ಟರೆ ಎರಡು ತಿಂಗಳಲ್ಲಿ ಮಷೀನಿಗೆ ವಾಪಸ್ ಹೋಗುತ್ತಾರೆ. ಇಷ್ಟಾದ ಮೇಲೆ ಅವರ ತೀರ್ಮಾನವನ್ನು ಟೈಲರ್‌ಗಳ ಎದುರು ತಿದ್ದಬೇಡಿ. ನನಗೆ ಇದು ಇನ್ನೂ ಪೂರ್ತಿ ಬಂದಿಲ್ಲ.

7. ಹತ್ತನೆಯವರು ಬಂದ ದಿನ

ಹತ್ತು ಜನ ಆದ ಕೂಡಲೆ ನೀವು ಬೇರೆಯೇ ಲೆಕ್ಕದಲ್ಲಿ ಬರುತ್ತೀರಿ. ತಿಂಗಳಿಗೆ 21,000 ರೂಪಾಯಿವರೆಗೆ ಪಡೆಯುವವರಿಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ: ಮಾಲೀಕನದು ಶೇ 3.25, ಕೆಲಸಗಾರರದು ಶೇ 0.75. ಸಂಬಳ 12,000 ಇದ್ದರೆ ನಿಮ್ಮದು 390, ಅವರದು 90 ರೂಪಾಯಿ. 'ಈ 90 ಯಾಕಣ್ಣ?' ಎಂದು ಕೇಳೇ ಕೇಳುತ್ತಾರೆ. ಹೆರಿಗೆ, ಆಸ್ಪತ್ರೆ, ಕೆಲಸದಲ್ಲಿ ಪೆಟ್ಟು ಬಿದ್ದರೆ ಸಿಗುವ ಹಣ, ಎಲ್ಲವನ್ನೂ ಕೂತು ವಿವರಿಸಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಜನ ಇದ್ದಲ್ಲಿ ಆಂತರಿಕ ಸಮಿತಿಯೂ ಬೇಕು, ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ಇಪ್ಪತ್ತಾದರೆ ಪಿಎಫ್, ಅಂದರೆ ಭವಿಷ್ಯನಿಧಿ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕೆಂಬುದೂ ಸೇರಿದೆ. ಇದಕ್ಕೆ ಹೆದರಿ ಒಂಬತ್ತಕ್ಕೇ ನಿಲ್ಲಿಸಿಕೊಂಡವರಿದ್ದಾರೆ. ಒಂಬತ್ತು ಜನ ಕಾಗದದ ಮೇಲೆ, ಐವರು ಹಿತ್ತಲಲ್ಲಿ.

ಶನಿವಾರದ ಬಟವಾಡೆ ಒಮ್ಮೆಯೂ ತಪ್ಪಬಾರದು. ವ್ಯಾಪಾರಿಯಿಂದ ದುಡ್ಡು ಬಂದಿಲ್ಲ ಎಂಬುದು ಟೈಲರಿನ ತಲೆನೋವಲ್ಲ. ಎರಡು ವಾರದ ಪಗಾರ ಬೇರೆ ಖಾತೆಯಲ್ಲಿ ಇಡಿ. ಸಣ್ಣ ಘಟಕಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ. ನೋಂದಾಯಿತ ಸಣ್ಣ ಘಟಕಕ್ಕೆ ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎಂದು ಸಣ್ಣ ಉದ್ಯಮಗಳ 2006ರ ಕಾಯ್ದೆಯಲ್ಲಿದೆ. ಬಿಲ್ಲಿನ ಮೇಲೆ ಆ ನೋಂದಣಿ ನಂಬರ್ ಅಚ್ಚಾಗಿದ್ದರೆ ಮಾತಿನ ಧಾಟಿಯೇ ಬೇರೆ.

8. ಹೋಗುವವರ ಲೆಕ್ಕ

ಎಷ್ಟೇ ಮಾಡಿದರೂ ಕೆಲವರು ಹೋಗುತ್ತಾರೆ. ಬಿಟ್ಟ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಬಾಕಿ ಚುಕ್ತಾ ಮಾಡಬೇಕು, ಇದೂ ಕಾನೂನೇ. ಒಂದು ವಾರದ ದುಡ್ಡು ಹಿಡಿದಿಟ್ಟುಕೊಂಡು ಸತಾಯಿಸುವ ಹಳೆಯ ಚಾಳಿಯಿಂದ ಉಳಿದವರೂ ಹೆದರುತ್ತಾರೆ: ನಾಳೆ ತಮಗೂ ಹೀಗೇ ಎಂದು.

ನಮ್ಮಲ್ಲಿ ನಾಲ್ಕು ವರ್ಷ ಬೆಲ್ಟ್, ಅಂದರೆ ಪ್ಯಾಂಟಿನ ಸೊಂಟಪಟ್ಟಿ, ಹೊಲಿದ ಹುಡುಗ ಹೋದ ವರ್ಷ ಬಿಟ್ಟ. ಪುಸ್ತಕ ಎರಡೂ ಕೂಡಿಸಿ ನೋಡಿ, ಬಾಕಿ ಕೊಟ್ಟು ಕಳಿಸಿದೆ. ಕೌಲ್‌ಬಜಾರಿನ ತನ್ನ ಮನೆಯಲ್ಲೇ ಮೂರು ಮಷೀನ್ ಹಾಕಿಕೊಂಡಿದ್ದಾನೆ. ಬಾರ್ಟ್ಯಾಕ್ ಮಷೀನ್ ಕೊಳ್ಳುವಷ್ಟು ಇನ್ನೂ ಆಗಿಲ್ಲ. ದಿನ ಬಿಟ್ಟು ದಿನ ಸ್ಕೂಟರಿನ ಮುಂದೆ ಬಂಡಲ್ ಇಟ್ಟುಕೊಂಡು ನಮ್ಮಲ್ಲಿಗೇ ತರುತ್ತಾನೆ. ಬಂದವನು ಮೊದಲು ಬೋರ್ಡ್ ನೋಡುತ್ತಾನೆ. ಅವನ ಕೆಲಸದ ರೇಟಿಗೂ ಅಲ್ಲೊಂದು ಸಾಲು ಇದೆ.