ಧರ್ಮಕೇಂದ್ರದಲ್ಲಿ ಸೃಷ್ಟಿಕಾಲವನ್ನು ಆಚರಿಸುವ ಬಗೆ

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರವು ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಾಗಿ ಆಲಿಸುವಂತೆ ಕರೆ ನೀಡುತ್ತದೆ. ಈ ಕರೆಯನ್ನು ಕಾರ್ಯರೂಪಕ್ಕೆ ತರಲು ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ಸೃಷ್ಟಿಕಾಲವು, ಅಂದರೆ ದೇವರ ಸೃಷ್ಟಿಗಾಗಿ ಕ್ರೈಸ್ತರು ಪ್ರಾರ್ಥಿಸಿ ದುಡಿಯುವ ಅವಧಿಯು, ತಕ್ಕ ಸಮಯ. ಬರಕ್ಕೆ ಹೆಸರಾದ ಚಿತ್ರದುರ್ಗ ಸೀಮೆಯಲ್ಲಿ ಒಳ್ಳೆಯ ಮಳೆ ನಿರೀಕ್ಷಿಸುವ ದಿನಗಳೂ ಇವೇ.

ಆದ್ದರಿಂದ ಕೆಲಸವು ದೇವಾಲಯದ (ಚರ್ಚಿನ) ಮಾಡಿನಿಂದ ಆರಂಭವಾಗಲಿ. ನೂರು ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಸುಮಾರು 1,000 ಲೀಟರ್ ನೀರು ಬೀಳುತ್ತದೆ. ಧರ್ಮಕೇಂದ್ರದ (ಪ್ಯಾರಿಷ್‌ನ) ಪಾಲನಾ ಪರಿಷತ್ತಿನ ಒಪ್ಪಿಗೆ ಪಡೆದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಕವಾಟವನ್ನು ಪೈಪಿಗೆ ಅಳವಡಿಸಿ, ಉಳಿದ ನೀರನ್ನು ಜಲ್ಲಿ, ಮರಳು ಮತ್ತು ಇದ್ದಿಲಿನ ಪದರಗಳಲ್ಲಿ ಸೋಸಿ ತೊಟ್ಟಿಗೆ ಹರಿಸಬೇಕು. ತುಂಬಿ ಹೆಚ್ಚಾದುದನ್ನು ಇಂಗುಗುಂಡಿಗೆ ಬಿಡಬೇಕೇ ಹೊರತು ನೇರವಾಗಿ ಕೊಳವೆಬಾವಿಯೊಳಗೆ ಬಿಡಬಾರದು. ಕೋಟೆಯ ಹೊಂಡಗಳಲ್ಲಿ ಮಳೆನೀರನ್ನು ಹಿಡಿದಿಟ್ಟ ಊರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಸಸಿಗಳಲ್ಲಿ ಬೇವು, ಹೊಂಗೆ, ಹುಣಸೆ ಈ ಮಣ್ಣಿಗೆ ಒಗ್ಗುತ್ತವೆ. ಛಾಯಾಚಿತ್ರಕ್ಕಾಗಿ ನೂರು ಸಸಿ ನೆಡುವುದಕ್ಕಿಂತ, ಬೇಸಿಗೆಯಲ್ಲಿ ನೀರುಣಿಸುವ ಹೊಣೆಯನ್ನು ಒಂದೊಂದು ಕುಟುಂಬಕ್ಕೆ ಹೆಸರಿಟ್ಟು ಒಪ್ಪಿಸಿ ಹತ್ತನ್ನು ಉಳಿಸಿಕೊಳ್ಳುವುದೇ ಮೇಲು.

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವವೂ ಈ ಅವಧಿಯಲ್ಲೇ ಬರುವುದರಿಂದ, ಥರ್ಮಕೋಲ್ ಮತ್ತು ಫ್ಲೆಕ್ಸ್‌ಗಳ ಬದಲು ಬಟ್ಟೆಯ ಬ್ಯಾನರ್, ಮಾವಿನ ತೋರಣ ಹಾಗೂ ಸ್ಥಳೀಯ ಹೂಗಳನ್ನು ಬಳಸಬಹುದು. ಊಟಕ್ಕೆ ಮುತ್ತುಗದ ಎಲೆಗಳನ್ನು ಮುಂಚಿತವಾಗಿಯೇ ಹೇಳಿಡಬೇಕು. ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ವಿಶ್ವಾಸಿಗಳ ಪ್ರಾರ್ಥನೆಗೆ ಮಳೆಯನ್ನೇ ನಂಬಿದ ರೈತರನ್ನೂ ಪೌರಕಾರ್ಮಿಕರನ್ನೂ ಸೇರಿಸುವಂತೆ ಗುರುಗಳನ್ನು ಕೋರಿರಿ.