ಡಾರ್ಲಿಂಗ್ ನದಿ ದಡಕ್ಕೆ ಟೆಂಟ್ ಕಟ್ಟಿಕೊಂಡು ಹೊರಡುವ ಮುಂಚೆ

ಸಿಡ್ನಿಗೆ ಬಂದು ಒಂದು ವರ್ಷ ಆಗಿರುತ್ತದೆ. ಆಪೆರಾ ಹೌಸ್ ಮುಂದೆ ಫೋಟೊ ಆಯ್ತು, ಬ್ಲೂ ಮೌಂಟನ್ಸ್ ಎರಡು ಸಲ ಆಯ್ತು, ಊರಿಂದ ಬಂದ ಅಪ್ಪ ಅಮ್ಮನಿಗೂ ತೋರಿಸಿ ಆಯ್ತು. ಆಗ ಆಫೀಸಿನಲ್ಲಿ ಯಾರೋ ಔಟ್‌ಬ್ಯಾಕ್, ಅಂದರೆ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಸುದ್ದಿ ತೆಗೆಯುತ್ತಾರೆ. ಸಂಜೆಗೆ ನನಗೆ ಮೆಸೇಜ್ ಬರುತ್ತದೆ: ‘ಅಣ್ಣಾ, ಡಾರ್ಲಿಂಗ್ ನದಿ ಪಕ್ಕದ ರಸ್ತೆಯಲ್ಲಿ ಹೋಗಿದ್ರಂತೆ, ನಮ್ಮ ಗಾಡಿ ಹೋಗುತ್ತಾ?’

ಬಿಸಿಲಿದ್ದರೆ ಹೆಚ್ಚುಕಡಿಮೆ ಎಲ್ಲ ಗಾಡಿಯೂ ಹೋಗುತ್ತದೆ. ಮಳೆ ಬಂದರೆ ಯಾರದ್ದೂ ಹೋಗುವುದಿಲ್ಲ. ಇಷ್ಟು ಅರ್ಥ ಆದರೆ ಅರ್ಧ ಪ್ಲಾನ್ ಮುಗಿದ ಹಾಗೆ.

ಮೊದಲು ದಾರಿ ತಿಳಿದುಕೊಳ್ಳಿ. ಸಿಡ್ನಿಯಿಂದ ಬರ್ಕ್ ಊರಿಗೆ ಸುಮಾರು 770 ಕಿಲೋಮೀಟರ್, ಅಲ್ಲಿವರೆಗೆ ಡಾಂಬರು. ಅಲ್ಲಿಂದ ನದಿ ಪಕ್ಕದಲ್ಲೇ ಲೌತ್, ಟಿಲ್ಪಾ, ವಿಲ್ಕ್ಯಾನಿಯಾ, ಮೆನಿಂಡಿ, ಪೂನ್‌ಕ್ಯಾರಿ, ಕೊನೆಗೆ ವೆಂಟ್‌ವರ್ತ್. (ನಮ್ಮವರು ದೋಸೆ ತಿನ್ನಲು ಹೋಗುವ ವೆಂಟ್‌ವರ್ತ್‌ವಿಲ್ ಅಲ್ಲ. ಇದು ಸಿಡ್ನಿಯಿಂದ ಸಾವಿರ ಕಿಲೋಮೀಟರ್ ಆಚೆ.) ವೆಂಟ್‌ವರ್ತ್‌ನಲ್ಲಿ ಡಾರ್ಲಿಂಗ್ ಹೋಗಿ ಮರ‍್ರಿ ನದಿ ಸೇರುತ್ತದೆ. ಅಲ್ಲಿನ ಗೋಪುರ ಹತ್ತಿದರೆ ಎರಡು ಬಣ್ಣದ ನೀರು ಪಕ್ಕಪಕ್ಕ ಹರಿಯುವುದು ಕಾಣುತ್ತದೆ, ಡಾರ್ಲಿಂಗ್ ನೀರು ಹಾಲು ಜಾಸ್ತಿಯಾದ ಚಹಾದ ಹಾಗೆ. ಈ ನದಿಗೆ ಇಲ್ಲಿನ ಮೂಲ ಜನರಾದ ಬಾರ್ಕಿಂಜಿಗಳು ಇಟ್ಟ ಹೆಸರು ಬಾಕಾ. ಬಾರ್ಕಿಂಜಿ ಅಂದರೆ ನದಿಯ ಜನ ಅಂತಲೇ ಅರ್ಥ.

ಇನ್ನು ಮಣ್ಣಿನ ವಿಷಯ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಆ್ಯಪೂ ಅಲ್ಲ, ನಮ್ಮ ಅಪ್ಪ. ಅವರು ಗದಗ ಕಡೆ ಹತ್ತಿ, ಕಡಲೆ ಬೆಳೆದವರು. ಮೂರು ತಿಂಗಳ ವೀಸಾ ಮೇಲೆ ಬಂದಿದ್ದಾಗ ಜೊತೆಗೆ ಕರೆದುಕೊಂಡು ಹೋಗಿದ್ದೆ. ಲೌತ್ ದಾಟಿದ ಮೇಲೆ ಚಹಾಕ್ಕೆ ಅಂತ ನಿಲ್ಲಿಸಿದೆವು. ಅಪ್ಪ ಇಳಿದು ಒಂದು ಚಿಟಿಕೆ ಮಣ್ಣು ತೆಗೆದುಕೊಂಡರು. ಅಂಗೈ ಮೇಲಿಟ್ಟು ಬಾಟಲಿಯಿಂದ ಎರಡು ಹನಿ ನೀರು ಬಿಟ್ಟು ಬೆರಳಿನಲ್ಲಿ ಹೊಸೆದರು. ಮಣ್ಣು ಎಳೆಯಾಗಿ ಬಂತು, ಮುರಿಯಲಿಲ್ಲ. ‘ತಮ್ಮಾ, ಇದು ಎರಿ ಐತಿ ನೋಡು. ಬಿಳಿಜ್ವಾಳ ಭಾರಿ ಬರತೈತಿ. ಆದ್ರ ಮಳಿ ಬಂತಂದ್ರ ನಿನ್ನ ಗಾಡಿ ಹೋಗಂಗಿಲ್ಲ’ ಅಂದರು. ನಾನು ನಕ್ಕು, ಇದು ಫೋರ್ ವೀಲ್ ಡ್ರೈವ್ ಅಪ್ಪಾ ಅಂದೆ.

ಆ ರಾತ್ರಿ ಟಿಲ್ಪಾದಲ್ಲಿ ಮಳೆ ಬಂತು. ಜಾಸ್ತಿ ಏನಲ್ಲ, ಟೆಂಟಿನ ಹೊರಗಿಟ್ಟ ತಟ್ಟೆಯಲ್ಲಿ ಒಂದು ಬೆರಳು ನೀರು ನಿಂತಿತ್ತು. ಬೆಳಿಗ್ಗೆ ಬಿಸಿಲು ಬಿತ್ತಲ್ಲ ಅಂತ, ಯಾರನ್ನೂ ಕೇಳದೆ ವಿಲ್ಕ್ಯಾನಿಯಾ ಕಡೆ ಹೊರಟೆ. ಆರೇ ಕಿಲೋಮೀಟರ್. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಜಾರುತ್ತಿತ್ತು. ಆಮೇಲೆ ಅದೂ ನಿಂತಿತು. ಇಳಿದು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಚಕ್ರವೇ ತಿರುಗುತ್ತಿಲ್ಲ, ಚಪ್ಪಲಿಯಡಿ ಒಂದೊಂದು ಕಿಲೋ ಮಣ್ಣು. ಅಪ್ಪ ಏನೂ ಅನ್ನಲಿಲ್ಲ, ಅದೇ ದೊಡ್ಡ ಕಷ್ಟ ಆಯ್ತು ನನಗೆ. ಉಪ್ಪಿಟ್ಟಿನ ಸೌಟು, ಟೆಂಟಿನ ಗೂಟ ಹಿಡಿದು ಇಬ್ಬರೂ ಮಣ್ಣು ಕೆತ್ತುತ್ತ ಕೂತೆವು. ಮರುದಿನ ಮಧ್ಯಾಹ್ನ ಹತ್ತಿರದ ಕುರಿ ಸ್ಟೇಷನ್ನಿನವರು (ಇಲ್ಲಿ ಸ್ಟೇಷನ್ ಅಂದರೆ ದೊಡ್ಡ ಕುರಿ ಫಾರ್ಮ್) ಬಂದು ಎಳೆದು ಹಾಕಿದರು. ಬೈಯಲಿಲ್ಲ. ಗಾಡಿ ಮಾಡಿದ ಹಳ್ಳ ತೋರಿಸಿ, ಇದು ಒಣಗಿದರೆ ಕಲ್ಲಾಗುತ್ತದೆ, ರಸ್ತೆ ಸಮ ಮಾಡುವ ಗ್ರೇಡರ್ ಮುಂದಿನ ಸಲ ಬರುವವರೆಗೆ ನಾವೆಲ್ಲ ಇದರ ಮೇಲೇ ಓಡಾಡಬೇಕು ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಹಾಗಾಗಿ ಪ್ಲಾನ್ ಹೀಗೆ ಮಾಡಿ. ಐದು ದಿನದ ಟ್ರಿಪ್ ಆದರೆ ಎಂಟು ದಿನ ರಜೆ ಹಾಕಿ. ಆ ಮೂರು ದಿನ ಮಳೆಗೆ ಮೀಸಲು. ಮಳೆ ಬಾರದಿದ್ದರೆ ಮೆನಿಂಡಿ ಕೆರೆಗಳ ಹತ್ತಿರ ಸುಮ್ನೆ ಕೂತು ಹಕ್ಕಿ ನೋಡಿ. ಸೋಮವಾರ ಆಫೀಸಿನಲ್ಲಿ ಮೀಟಿಂಗ್ ಇದೆ ಅಂತ ಭಾನುವಾರ ಒದ್ದೆ ರಸ್ತೆಗೆ ಇಳಿಯುವವರೇ ಸಿಕ್ಕಿಕೊಳ್ಳುವುದು. ದಿನಾ ಬೆಳಿಗ್ಗೆ ಸರ್ಕಾರದ ಲೈವ್ ಟ್ರಾಫಿಕ್ ವೆಬ್‌ಸೈಟ್ ಮತ್ತು ಆಯಾ ಕೌನ್ಸಿಲ್‌ನ ರಸ್ತೆ ಪಟ್ಟಿ ನೋಡಿ. ರಸ್ತೆ ಮುಚ್ಚಿದೆ ಅಂತ ಬೋರ್ಡ್ ಇದ್ದರೆ ಮುಚ್ಚಿದೆ ಅಂತಲೇ ಅರ್ಥ. ನಮ್ಮೂರಿನ ಹಾಗೆ ಪಕ್ಕದಿಂದ ತೂರಿಕೊಂಡು ಹೋದರೆ ಇಲ್ಲಿ ದೊಡ್ಡ ದಂಡ. ಇನ್ನೊಂದು ವಿಷಯ, ನೀವಿರುವ ಕಡೆ ಮಳೆ ಬಾರದೆಯೂ ನದಿ ಏರಬಹುದು. ಮೇಲೆ ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಿದದ್ದು ವಾರಗಟ್ಟಲೆ ನಡೆದು ಇಲ್ಲಿಗೆ ಬರುತ್ತದೆ. ಟೆಂಟ್ ದಡದ ಮೇಲಿರಲಿ, ಮರಳಿನ ಅಂಚಿನಲ್ಲಿ ಬೇಡ.

ಬಾಡಿಗೆ ಗಾಡಿ ತೆಗೆದುಕೊಳ್ಳುವವರು ಒಪ್ಪಂದದ ಸಣ್ಣ ಅಕ್ಷರ ಓದಿ. ಡಾಂಬರು ಇಲ್ಲದ ರಸ್ತೆಗೆ ವಿಮೆ ಇಲ್ಲ ಅಂತ ಬಹಳಷ್ಟು ಕಡೆ ಬರೆದಿರುತ್ತದೆ. ಕತ್ತಲಾದ ಮೇಲೆ ಓಡಿಸಿದರೆ ವಿಮೆ ಇಲ್ಲ ಅಂತಲೂ ಇರಬಹುದು. ಸ್ವಂತದ್ದಾದರೆ ಪೂರ್ತಿ ಅಳತೆಯ ಸ್ಟೆಪ್ನಿ ಇರಲೇಬೇಕು, ಎರಡಿದ್ದರೆ ಒಳ್ಳೆಯದು. ಮನೆ ಮುಂದೆಯೇ ಒಂದು ಸಲ ಟೈರ್ ಬಿಚ್ಚಿ ಹಾಕಿ ನೋಡಿ, ನಗಬೇಡಿ, ಜಾಕ್ ಎಲ್ಲಿದೆ ಅಂತಲೇ ಗೊತ್ತಿರದ ಇಂಜಿನಿಯರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಣ್ಣಿನ ರಸ್ತೆಯಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಬೇಕು, ಡಾಂಬರು ಹತ್ತುವಾಗ ಮತ್ತೆ ತುಂಬಬೇಕು, ಅದಕ್ಕೊಂದು ಸಣ್ಣ ಕಂಪ್ರೆಸರ್. ಬರ್ಕ್‌ನಿಂದ ವಿಲ್ಕ್ಯಾನಿಯಾಗೆ ನದಿ ದಾರಿಯಲ್ಲಿ ಮುನ್ನೂರು ಚಿಲ್ಲರೆ ಕಿಲೋಮೀಟರ್. ನಡುವಿನ ಊರುಗಳಲ್ಲಿ ಇಂಧನ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಬರ್ಕ್‌ನಲ್ಲೇ ಟ್ಯಾಂಕ್ ಫುಲ್ ಮಾಡಿ.

ಕಾಲ ಏಪ್ರಿಲ್‌ನಿಂದ ಸೆಪ್ಟೆಂಬರ್. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರುಗಳಿವು, ಕ್ರಿಸ್‌ಮಸ್ ರಜೆಯಲ್ಲಿ ಹೋಗುವ ಯೋಚನೆ ಬಿಡಿ. ಜುಲೈನಲ್ಲಿ ಹಗಲು ಹಿತ, ರಾತ್ರಿ ಸೊನ್ನೆಯ ಹತ್ತಿರ ಹೋಗುತ್ತದೆ. ಊರಿಂದ ತಂದ ಕಂಬಳಿ ಇದ್ದರೆ ಹಾಕಿಕೊಳ್ಳಿ.

ಎಲ್ಲಿ ಉಳಿಯುವುದು ಅಂತ ಕೇಳಿದರೆ ನನಗೆ ಇಷ್ಟ ಮೆನಿಂಡಿ ಪಕ್ಕದ ಕಿಂಚೆಗಾ ನ್ಯಾಷನಲ್ ಪಾರ್ಕ್. ನದಿಯುದ್ದಕ್ಕೂ ದೂರ ದೂರ ಜಾಗ ಮಾಡಿದ್ದಾರೆ, ಪಕ್ಕದವರ ಮಾತು ಕಿವಿಗೆ ಬೀಳುವುದಿಲ್ಲ. ಅಲ್ಲೇ 1875ರ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಶೆಡ್ ಇದೆ, ಒಳಗೆ ಹೋದರೆ ಈಗಲೂ ಉಣ್ಣೆಯ ಜಿಡ್ಡಿನ ವಾಸನೆ. ವಿಲ್ಕ್ಯಾನಿಯಾದ ಮೇಲ್ಗಡೆ ಪರೂ-ಡಾರ್ಲಿಂಗ್ ಪಾರ್ಕಿನಲ್ಲೂ ದಡದ ಮೇಲೆ ಜಾಗ ಇದೆ. ಎರಡನ್ನೂ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಅಲ್ಲಿ ಹೋಗಿ ಮಾಡೋಣ ಅಂದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ.

ದಡದಲ್ಲಿ ರಿವರ್ ರೆಡ್ ಗಮ್ ಮರಗಳು ನಮ್ಮ ಆಲದ ಹಾಗೆ ಹರಡಿಕೊಂಡಿರುತ್ತವೆ. ನೆರಳು ನೋಡಿ ಅದರ ಕೆಳಗೇ ಟೆಂಟ್ ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ. ಗಾಳಿಯೇ ಇಲ್ಲದ ದಿನವೂ ತೊಲೆಯಷ್ಟು ದಪ್ಪದ ಕೊಂಬೆ ಸದ್ದಿಲ್ಲದೆ ಬೀಳುತ್ತದೆ. ಕೊಂಬೆಗಳ ಹರವು ಎಲ್ಲಿಗೆ ಮುಗಿಯುತ್ತದೋ ಅದರಾಚೆ ಟೆಂಟ್. ಪಾರ್ಕಿನೊಳಗೆ ಬಿದ್ದ ಕಟ್ಟಿಗೆಯನ್ನೂ ಆರಿಸುವಂತಿಲ್ಲ, ಸೌದೆ ಊರಿಂದಲೇ ಒಯ್ಯಬೇಕು. ಬೆಂಕಿ ನಿಷೇಧದ ದಿನವಾದರೆ ಅದೂ ಇಲ್ಲ.

ನೀರು ಒಬ್ಬರಿಗೆ ದಿನಕ್ಕೆ ಏಳು ಲೀಟರ್ ಲೆಕ್ಕ ಹಾಕಿ, ಮಳೆಯ ಆ ಮೂರು ದಿನವನ್ನೂ ಸೇರಿಸಿ. ಚೊಂಬು ಬೇಕು ಅನ್ನುವವರು ಇನ್ನೆರಡು ಲೀಟರ್ ಸೇರಿಸಿಕೊಳ್ಳಿ. ನದಿ ನೀರು ಕುದಿಸಿ ಕುಡಿಯುತ್ತೇವೆ ಅಂತ ಲೆಕ್ಕ ಹಾಕಬೇಡಿ. 1991ರಲ್ಲಿ ಈ ನದಿಯ ಸಾವಿರ ಕಿಲೋಮೀಟರ್ ಉದ್ದಕ್ಕೂ ನೀಲಿ-ಹಸಿರು ಪಾಚಿ ಕಟ್ಟಿತ್ತು. ಆ ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ. ಮೆನಿಂಡಿಯಲ್ಲಿ 2023ರ ಮಾರ್ಚ್‌ನಲ್ಲಿ ಕೋಟಿಗಟ್ಟಲೆ ಮೀನು ಸತ್ತು ತೇಲಿದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ಊಟಕ್ಕೆ ನಮಗೇನೂ ತೊಂದರೆ ಇಲ್ಲ. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ಖಡಕ್ ರೊಟ್ಟಿಯಷ್ಟು ಒಳ್ಳೆಯ ಕ್ಯಾಂಪಿಂಗ್ ಊಟ ಈ ದೇಶದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವೆಂಟ್‌ವರ್ತ್‌ನಿಂದ ಮುಂದೆ ಅಡಿಲೇಡ್ ಕಡೆ ಹೋಗುವವರು ಮಾತ್ರ ಹಣ್ಣು, ಟೊಮೇಟೊ ಎಲ್ಲ ಮೊದಲೇ ತಿಂದು ಮುಗಿಸಿ. ಹಣ್ಣಿನ ನೊಣದ ಭಯಕ್ಕೆ ಯಾಂಬಾ ತಪಾಸಣೆ ಕಟ್ಟೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಊರು ದಾಟಿದರೆ ಮೊಬೈಲ್ ಸತ್ತ ಹಾಗೆ. ಯಾವ ದಾರಿ, ಯಾವ ದಿನ, ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಸಿಡ್ನಿಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗಿ. ಒಂದು ಪಿಎಲ್‌ಬಿ ಬಾಡಿಗೆಗೆ ತೆಗೆದುಕೊಳ್ಳಿ, ಅಂಗೈಯಗಲದ ಡಬ್ಬಿ, ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ನೀವಿರುವ ಜಾಗ ತಿಳಿಯುತ್ತದೆ. ಗಾಡಿ ಕೆಟ್ಟರೆ ಗಾಡಿ ಹತ್ತಿರವೇ ಇರಿ, ನಡೆದು ಹೊರಡಬೇಡಿ. ಉದ್ದ ಪ್ಯಾಂಟು, ಬೂಟು ಇರಲಿ. ಹಾವು ಕಚ್ಚಿದರೆ ಇಲ್ಲಿ ಗಾಯ ತೊಳೆಯಬಾರದು. ಕಾಲು ಪೂರ್ತಿ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದೆ ಮಲಗಿಸಿ ಸಹಾಯ ಕರೆಯಬೇಕು.

ಸಂಜೆ ನಾಲ್ಕಕ್ಕೆ ಗಾಡಿ ನಿಲ್ಲಿಸಿಬಿಡಿ. ಆ ಹೊತ್ತಿನಿಂದ ಕಾಂಗರೂ ರಸ್ತೆಗೆ ಇಳಿಯುತ್ತವೆ. ಎಮು ಅಂತೂ ದೂರ ಓಡುತ್ತಿದ್ದದ್ದು ಏನೋ ನೆನಪಾದ ಹಾಗೆ ತಿರುಗಿ ನಿಮ್ಮ ಮುಂದೆಯೇ ಬರುತ್ತದೆ. ದಾರಿಯಲ್ಲಿ ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಎದುರು ಬರುವವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ, ನೀವೂ ಎತ್ತಿ.

ಅಂದ ಹಾಗೆ ಟಿಲ್ಪಾದ ಪಬ್ಬಿನಲ್ಲಿ, ವಿಮಾನದಲ್ಲಿ ವೈದ್ಯರನ್ನು ಕಳಿಸುವ ಫ್ಲೈಯಿಂಗ್ ಡಾಕ್ಟರ್ ಸೇವೆಗೆ ಸ್ವಲ್ಪ ದುಡ್ಡು ಕೊಟ್ಟರೆ ಗೋಡೆ ಮೇಲೆ ಹೆಸರು ಬರೆಯಲು ಬಿಡುತ್ತಾರೆ. ಗಾಡಿ ಎಳೆಸಿಕೊಂಡು ವಾಪಸ್ ಬಂದ ಸಂಜೆ ಅಪ್ಪ ಪೆನ್ನು ಇಸಕೊಂಡು ತಮ್ಮ ಹೆಸರು ಬರೆದರು, ಕನ್ನಡದಲ್ಲಿ. ಕೆಳಗೆ ಇನ್ನೊಂದು ಸಾಲು: ‘ಎರಿ ಐತಿ, ಹುಷಾರ್.’ ಹೋದರೆ ಹುಡುಕಿ ನೋಡಿ, ಮೇಲೆ ಬೇರೆಯವರು ಬರೆದಿರದಿದ್ದರೆ ಸಿಗುತ್ತದೆ.