‘ದಿ ಡಿಗ್’ ನೋಡಿ ಮನಸ್ಸು ಕಲಕಿದರೆ ಹೀಗೆ ಮಾಡಿ

ನೆಲ ಅಗೆದು ಹಳೆಯ ಹಡಗೊಂದನ್ನು ಹುಡುಕಿದ ನಿಜ ಘಟನೆಯ ಮೇಲಿನ ಈ ಇಂಗ್ಲಿಷ್ ಸಿನಿಮಾ ಮುಗಿದ ತಕ್ಷಣ ಎದ್ದು ಹೋಗಬೇಡಿ, ಮೊಬೈಲನ್ನೂ ತೆಗೆಯಬೇಡಿ. ಕೊನೆಯಲ್ಲಿ ಬರುವ ಬರಹ ಓದಿ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂನಲ್ಲಿ ಹಡಗಿನ ಸಮಾಧಿಯನ್ನು (ಸತ್ತವರನ್ನು ಹಡಗಿನೊಳಗಿಟ್ಟು ಹೂಳಿದ ಜಾಗ) ಪತ್ತೆ ಮಾಡಿದ ಬೇಸಿಲ್ ಬ್ರೌನ್ ಹೆಸರು, ಅಲ್ಲಿ ಸಿಕ್ಕ ವಸ್ತುಗಳನ್ನಿಟ್ಟಿರುವ ಬ್ರಿಟಿಷ್ ಮ್ಯೂಸಿಯಂನಲ್ಲಿ ಎಷ್ಟೋ ವರ್ಷ ಇರಲೇ ಇಲ್ಲ. ಹೊಟ್ಟೆ ಉರಿಯುತ್ತೆ, ಅಲ್ವಾ?

ಅಳು ಬಂದರೆ ಬರಲಿ. ಆದರೆ ಅಲ್ಲಿಗೇ ಬಿಡಬೇಡಿ. ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ಹಾಕಿ, ಈ ಸಲ ಮುಖಗಳನ್ನಲ್ಲ, ಕೈಗಳನ್ನು ನೋಡಿ. ಆ ಹಡಗಿನ ಮರವೆಲ್ಲ ಮರಳಿನಲ್ಲಿ ಎಂದೋ ಕೊಳೆತುಹೋಗಿತ್ತು. ಉಳಿದದ್ದು ತುಕ್ಕು ಹಿಡಿದ ಕಬ್ಬಿಣದ ಮೊಳೆಗಳ ಸಾಲು ಮತ್ತು ಮರಳಿನ ಮೇಲಿನ ಅಚ್ಚು ಮಾತ್ರ. ಸಿಕ್ಕ ಮೊಳೆಯನ್ನೆಲ್ಲ ಆಸೆಗೆ ಬಿದ್ದು ಕಿತ್ತಿದ್ದರೆ ಹಡಗಿನ ಆಕಾರವೇ ಹೋಗುತ್ತಿತ್ತು. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟ ಈ ಮನುಷ್ಯ ಅವನ್ನು ಇದ್ದಲ್ಲೇ ಬಿಟ್ಟು ಸುತ್ತಲಿನ ಮರಳನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಹೋದರು, ಸುಮಾರು 27 ಮೀಟರ್ ಉದ್ದಕ್ಕೂ! ನಮ್ಮ ಬಿಎಂಟಿಸಿಯ ಎರಡು ಬಸ್ಸು ಒಂದರ ಹಿಂದೊಂದು ನಿಂತರೂ ಅಷ್ಟು ಉದ್ದ ಆಗುವುದಿಲ್ಲ. ತಾಳ್ಮೆ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ಆಮೇಲೆ ನಿಜ ಯಾವುದು, ಕಥೆ ಯಾವುದು ಅಂತ ಹುಡುಕಿ. ಇದರಿಂದ ಸಿನಿಮಾ ಹಾಳಾಗಲ್ಲ. ಜಮೀನಿನ ಒಡತಿ ಎಡಿತ್ ಪ್ರೆಟ್ಟಿ ಅವರಿಗೆ ಆಗ ಐವತ್ತು ದಾಟಿತ್ತು, ತೆರೆ ಮೇಲೆ ತುಂಬಾ ಚಿಕ್ಕವರಾಗಿ ಕಾಣುತ್ತಾರೆ. ಫೋಟೋ ತೆಗೆಯುವ ಹುಡುಗನಂತೂ ಪೂರಾ ಕಲ್ಪನೆ. ನಿಜವಾಗಿ ಅಲ್ಲಿ ನೂರಾರು ಫೋಟೋ ತೆಗೆದವರು ಮರ್ಸಿ ಲ್ಯಾಕ್, ಬಾರ್ಬರಾ ವ್ಯಾಗ್‌ಸ್ಟಾಫ್ ಎಂಬ ಇಬ್ಬರು ಟೀಚರ್‌ಗಳು. ಸದ್ದಿಲ್ಲದೆ ದುಡಿದವರ ಬಗ್ಗೆಯೇ ಸಿನಿಮಾ ಮಾಡಿ ಇವರನ್ನು ಕೈಬಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಅವರ ಹೆಸರು ಹಾಕಿ ಹುಡುಕಿ, ಆ ಫೋಟೋಗಳನ್ನು ನೋಡಿ.

ಇಷ್ಟಾದ ಮೇಲೆ ಒಂದು ಭಾನುವಾರ ಬೆಂಗಳೂರಿನ ಬೇಗೂರಿಗೆ ಹೋಗಿ. ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆಯಿಂದ ಹತ್ತಿರ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ, ಬೆಂಗಳೂರಿನ ಕಾಳಗದಲ್ಲಿ ಸತ್ತವರನ್ನು ಹೆಸರು ಹೇಳಿ ನೆನೆಯುತ್ತದೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಓರೆ ಬಿಸಿಲಿನಲ್ಲಿ ಕೆತ್ತಿದ ಅಕ್ಷರ ಚೆನ್ನಾಗಿ ಕಾಣುತ್ತದೆ. ಹಳಗನ್ನಡ ಲಿಪಿ ಓದಲು ಬರದಿದ್ದರೂ ಪರವಾಗಿಲ್ಲ, ಒಂದೊಂದೇ ಸಾಲನ್ನು ಕಣ್ಣಲ್ಲೇ ಹಿಂಬಾಲಿಸಿ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ ಮಾತ್ರ ತಿಕ್ಕಬೇಡಿ, ಮಕ್ಕಳು ಜೊತೆಗಿದ್ದರೆ ಅವರಿಗೂ ಮೊದಲೇ ಹೇಳಿಡಿ.